ವಿಮಾನದ ತಿಕೀಟು: ಇಪ್ಪತ್ತೊಂದು ದಿನಗಳ ಕಥೆ

ಹಳಿಯಾಳದ ಸಂತೆಗೆ ಹೋಗಿ ಬಂದವರಿಗೆ ಒಂದು ಸಂಗತಿ ಗೊತ್ತಿದ್ದೇ ಇದೆ. ಮುಂಜಾನೆ ಒಂದು ಕಟ್ಟಿಗೆ ಹತ್ತು ರೂಪಾಯಿ, ಒಂದು ಕಾಸೂ ಕಡಿಮೆಯಿಲ್ಲ ಎಂದು ಹಟ ಹಿಡಿದು ಕುಳಿತ ಮೆಂತ್ಯದ ಸೊಪ್ಪಿನಾಕೆ, ಹೊತ್ತು ಮುಳುಗುವ ವೇಳೆಗೆ ಅದೇ ಹತ್ತು ರೂಪಾಯಿಗೆ ಮೂರು ಕಟ್ಟು ಕೊಟ್ಟು, ಬುಟ್ಟಿ ಬರಿದು ಮಾಡಿಕೊಂಡು ಊರಿನ ಬಸ್ಸು ಹಿಡಿಯುತ್ತಾಳೆ. ನಾಳೆಗೆ ಸೊಪ್ಪು ಬಾಡುತ್ತದೆ. ಬಾಡಿದ ಸೊಪ್ಪನ್ನು ಕೇಳುವವರಿಲ್ಲ. ವಿಮಾನದ ಆಸನವೂ ನೋಡಿದರೆ ಇಂಥ ಸೊಪ್ಪೇ. ಚಕ್ರ ನೆಲ ಬಿಟ್ಟ ಗಳಿಗೆಗೆ ಖಾಲಿ ಉಳಿದ ಆಸನ ಬಾಡಿತು; ಅದನ್ನು ನಾಳೆಗೆಂದು ಎತ್ತಿಡುವ ಉಪಾಯವಿಲ್ಲ. ಹಾಗಾದರೆ ಹೊರಡುವ ಹೊತ್ತು ಹತ್ತಿರವಾದಷ್ಟೂ ಅದರ ಬೆಲೆ ಇಳಿಯಬೇಕಲ್ಲವೆ? ಇಳಿಯುವುದಿಲ್ಲ, ಏರುತ್ತದೆ. ಸಂತೆಯ ನ್ಯಾಯ ಇಲ್ಲಿ ತಲೆಕೆಳಗಾಗಿದೆ. ಇದು ಎಂದು ತಲೆಕೆಳಗಾಯಿತು, ಯಾರು ಮಾಡಿದರು, ನಮ್ಮ ಕಡೆಗೆ ಹೇಗೆ ಬಂದಿತು ಎಂಬುದನ್ನು ತಿಳಿದರೆ, ತಿಕೀಟನ್ನು ಯಾವಾಗ ಕೊಳ್ಳಬೇಕೆಂಬ ಪ್ರಶ್ನೆಗೂ ಉತ್ತರ ಸಿಕ್ಕೀತು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಕುಳಿತು ವಿಮಾನದ ಮಾತೇಕೆ ಎಂದು ನೀವು ಕೇಳಬಹುದು. ಉತ್ತರ ಕನ್ನಡ ಜಿಲ್ಲೆಯಲ್ಲಿ ಸಾರ್ವಜನಿಕರು ಹತ್ತುವ ವಿಮಾನ ನಿಲ್ದಾಣವೇ ಇಲ್ಲ ಎಂಬುದೇನೋ ನಿಜ. ಆದರೆ ಈ ನಾಲ್ಕು ತಾಲೂಕುಗಳ ಸುತ್ತ ನಿಲ್ದಾಣಗಳ ಒಂದು ಬಳೆಯೇ ಇದೆ. ದಾಂಡೇಲಿಯಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಸುಮಾರು ೭೫ ಕಿಲೋಮೀಟರು. ಮುಂಡಗೋಡದಿಂದ ಇನ್ನೂ ಹತ್ತಿರ. ಉತ್ತರಕ್ಕೆ ಬೆಳಗಾವಿಯ ಸಾಂಬ್ರಾ, ಎರಡನೆಯ ಮಹಾಯುದ್ಧದ ಕಾಲದಲ್ಲಿ ೧೯೪೨ರಲ್ಲಿ ಕಟ್ಟಿದ್ದು. ಜೋಯಿಡಾದವರಿಗಂತೂ ಘಟ್ಟ ಇಳಿದರೆ ಗೋವೆ. ಅಲ್ಲಿ ಪೋರ್ತುಗೀಜರು ೧೯೫೫ರಲ್ಲಿ ತೆರೆದ ದಾಬೋಳಿ ಒಂದು, ೨೦೨೩ರ ಜನವರಿಯಿಂದ ವಿಮಾನಗಳು ಇಳಿಯುತ್ತಿರುವ ಮೋಪಾ ಇನ್ನೊಂದು. ಕಾಗದದ ಕಾರಖಾನೆಯ ಊರಿನ ಮಕ್ಕಳು ಬೆಂಗಳೂರು, ಪುಣೆ, ದಿಲ್ಲಿಗಳಲ್ಲಿ ನೌಕರಿಯಲ್ಲಿದ್ದಾರೆ. ಕಾಳಿ ನದಿಯಲ್ಲಿ ದೋಣಿ ನಡೆಸಲು ದೂರದ ಊರಿನವರು ಇಲ್ಲಿಗೆ ಬರುತ್ತಾರೆ. ಇನ್ನು ಮುಂಡಗೋಡ. ೧೯೬೬ರಲ್ಲಿ ಟಿಬೇಟದ ನಿರಾಶ್ರಿತರ ವಸತಿ ಅಲ್ಲಿ ಆರಂಭವಾದಂದಿನಿಂದ, ದ್ರೆಪುಂಗ್ ಮತ್ತು ಗಾಂದೆನ್ ಮಠಗಳ ದೆಸೆಯಿಂದ ಜಗತ್ತಿನ ಹಲವು ಮೂಲೆಗಳ ಹಾದಿ ಅಲ್ಲಿಗೆ ಬಂದು ಸೇರಿದೆ. ಹೀಗಿರುವಾಗ ವಿಮಾನದ ದರ ಈ ಕಾಡುಸೀಮೆಗೆ ಹೊರಗಿನ ವಿಷಯವೇನಲ್ಲ.

ಮೊದಲು ‘ಯಾವಾಗ’ ಎಂಬ ಪ್ರಶ್ನೆಯೇ ಇಲ್ಲದಿದ್ದ ಕಾಲವನ್ನು ನೋಡೋಣ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತ ಪುಟ್ಟ ವಿಮಾನವನ್ನು ತಾವೇ ನಡೆಸಿಕೊಂಡು ಬಂದರು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಮುಂದಿನ ಹಾದಿಯಲ್ಲಿ ವಿಮಾನ ಇಳಿಯುತ್ತಿದ್ದುದು ನಮ್ಮ ಬಳ್ಳಾರಿಯಲ್ಲಿ. ಆಗ ಮುಖ್ಯವಾದದ್ದು ಕಾಗದದ ಚೀಲ, ಮನುಷ್ಯನಲ್ಲ. ಸ್ವಾತಂತ್ರ್ಯ ಬಂದ ಮೇಲೆ ೧೯೫೩ರ ಕಾನೂನಿನಂತೆ ದೇಶದ ಖಾಸಗಿ ವಿಮಾನ ಕಂಪನಿಗಳೆಲ್ಲ ರಾಷ್ಟ್ರೀಕರಣಗೊಂಡವು. ಅದೇ ವರ್ಷದ ಆಗಸ್ಟಿನಲ್ಲಿ ಒಳನಾಡಿನ ಹಾರಾಟಕ್ಕೆ ಇಂಡಿಯನ್ ಏರ್‌ಲೈನ್ಸ್ ಹುಟ್ಟಿತು. ಅಂದಿನಿಂದ ಸುಮಾರು ನಾಲ್ಕು ದಶಕಗಳ ಕಾಲ ದರವೆಂಬುದು ಅಚ್ಚು ಹಾಕಿದ ಪಟ್ಟಿ. ಎರಡು ತಿಂಗಳು ಮೊದಲು ಕೊಂಡವನಿಗೂ ಹಿಂದಿನ ದಿನ ಕೊಂಡವನಿಗೂ ಒಂದೇ ಬೆಲೆ. ಬೆಲೆ ಬದಲಾಗುತ್ತಿದ್ದುದು ನೀವು ಯಾವಾಗ ಕೊಂಡಿರಿ ಎಂಬುದರಿಂದಲ್ಲ, ನೀವು ಯಾರು ಎಂಬುದರಿಂದ: ವಿದ್ಯಾರ್ಥಿಗೆ ರಿಯಾಯಿತಿ ಇತ್ತು; ವಿದೇಶೀಯನಿಗೆ ಡಾಲರಿನ ಬೇರೆ ಪಟ್ಟಿ ಇತ್ತು, ಅದು ನಮ್ಮ ರೂಪಾಯಿಯ ದರಕ್ಕಿಂತ ಹೆಚ್ಚಿನದು.

ಕೆಲವರು ಈ ಕಾಲವನ್ನು ನೆನೆದು ನಿಟ್ಟುಸಿರು ಬಿಡುವುದುಂಟು. ಎಲ್ಲರಿಗೂ ಒಂದೇ ದರ, ಎಷ್ಟು ನ್ಯಾಯ ಎಂದು. ನನಗೆ ಹಾಗೆನಿಸುವುದಿಲ್ಲ. ಎಲ್ಲರಿಗೂ ಒಂದೇ ಆಗಿದ್ದ ಆ ದರ ಎಲ್ಲರ ಕೈಗೂ ಎಟುಕದಷ್ಟು ಎತ್ತರದಲ್ಲಿತ್ತು. ಹಳಿಯಾಳದ ಶಾಲಾ ಮಾಸ್ತರರೊಬ್ಬರು ಆಗ ವಿಮಾನವನ್ನು ನೋಡುತ್ತಿದ್ದುದು ತಲೆಯೆತ್ತಿ ಮಾತ್ರ. ೧೯೯೪ರಲ್ಲಿ ೧೯೫೩ರ ಆ ಕಾನೂನು ರದ್ದಾಗಿ ಖಾಸಗಿಯವರಿಗೆ ಬಾಗಿಲು ಪೂರ್ತಿ ತೆರೆಯಿತು.

ಆ ವೇಳೆಗೆ ಹೊರ ದೇಶಗಳಲ್ಲಿ ಬೆಲೆಯ ವ್ಯಾಕರಣವೇ ಬದಲಾಗಿತ್ತು. ಇದರ ಬೀಜವನ್ನು ೧೯೭೦ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಕಾಣಬಹುದು. ಅಲ್ಲಿಯ ಬಿ.ಓ.ಎ.ಸಿ. ಎಂಬ ಸಂಸ್ಥೆ ಹೊರಡುವುದಕ್ಕೆ ಕನಿಷ್ಠ ೨೧ ದಿನ ಮೊದಲು ತಿಕೀಟು ಕೊಂಡವರಿಗೆ ಕಡಿಮೆ ದರ ಎಂದು ಸಾರಿತು. ಖಾಲಿ ಹಾರುತ್ತಿದ್ದ ಆಸನಗಳನ್ನು ತುಂಬಿಕೊಳ್ಳುವುದಷ್ಟೇ ಅದರ ಉದ್ದೇಶ. ಆದರೆ ಕೂಡಲೇ ಒಂದು ತೊಡಕು ಎದ್ದಿತು. ಅಗ್ಗದ ಆಸನಗಳನ್ನೇ ಮೊದಲು ಮಾರಿಬಿಟ್ಟರೆ, ಕಡೆಯ ದಿನ ಓಡಿ ಬಂದು ಪೂರ್ತಿ ಬೆಲೆ ಕೊಡುವವನಿಗೆ ಜಾಗವೆಲ್ಲಿ? ಹಾಗೆಂದು ಅವನಿಗಾಗಿ ಕಾದಿಟ್ಟರೆ, ಅವನು ಬಾರದೆ ಹೋದರೆ?

ಆ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ ಎಂಬವರು ೧೯೭೨ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಲೆಕ್ಕವೆಂದೊಡನೆ ಪುಟ ತಿರುಗಿಸಬೇಡಿ. ಅಂಗಡಿಯವರಿಗೆ ತಾನಾಗಿ ತಿಳಿಯುವ ಮಾತೇ ಅದು. ಅಗ್ಗದ ತಿಕೀಟಿಗೆ ೨,೦೦೦ ರೂಪಾಯಿ, ಪೂರ್ತಿ ತಿಕೀಟಿಗೆ ೫,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. ಒಂದೇ ಆಸನ ಉಳಿದಿದೆ. ೨,೦೦೦ ರೂಪಾಯಿ ಹಿಡಿದು ಒಬ್ಬ ಈಗಲೇ ಎದುರು ನಿಂತಿದ್ದಾನೆ. ಅವನಿಗೆ ಕೊಡಬೇಕೋ ಬೇಡವೋ? ಹಿಂದಿನ ದಿನಗಳ ದಫ್ತರ ತೆರೆದು ನೋಡಬೇಕು. ನೂರು ಹಾರಾಟಗಳಲ್ಲಿ ೪೦ಕ್ಕಿಂತ ಹೆಚ್ಚು ಸಲ ಕಡೆಗಳಿಗೆಯ ಗಿರಾಕಿ ಬಂದಿದ್ದಾನೆ ಎಂದಾದರೆ, ಎದುರಿಗಿದ್ದವನಿಗೆ ಇಲ್ಲವೆನ್ನುವುದೇ ಲಾಭ. ಏಕೆಂದರೆ ೫,೦೦೦ದ ನೂರಕ್ಕೆ ನಲವತ್ತು ೨,೦೦೦. ಅದಕ್ಕಿಂತ ಕಡಿಮೆ ಸಲ ಬಂದಿದ್ದರೆ ಕೈಗೆ ಬಂದ ೨,೦೦೦ವನ್ನು ಬಿಡಬಾರದು. ಇಷ್ಟೇ. ಇಂದು ನಿಮ್ಮ ಮೊಬೈಲಿನ ಮೇಲೆ ಗಳಿಗೆಗೊಮ್ಮೆ ಬದಲಾಗುವ ದರದ ಹಿಂದೆ ಎಷ್ಟೇ ದೊಡ್ಡ ಗಣಕಯಂತ್ರವಿರಲಿ, ಅದರ ಬೇರು ಈ ಸಣ್ಣ ಲೆಕ್ಕದಲ್ಲಿದೆ.

ಸಂತೆಯ ನ್ಯಾಯ ಏಕೆ ತಲೆಕೆಳಗಾಯಿತೆಂಬುದು ಈಗ ತಿಳಿಯುತ್ತದೆ. ಸಂಜೆಗೆ ಸಂತೆಗೆ ಬರುವವನು ಸೊಪ್ಪಿಲ್ಲದಿದ್ದರೂ ಅಡಿಗೆ ಮಾಡಬಲ್ಲ; ಚೌಕಾಶಿ ಅವನ ಕೈಯಲ್ಲಿದೆ. ಕಡೆಯ ದಿನ ವಿಮಾನ ಹುಡುಕುವವನು ಹೋಗಲೇಬೇಕಾದವನು. ಸಂಸ್ಥೆ ಮಾರುತ್ತಿರುವುದು ಆಸನವನ್ನಲ್ಲ, ಅವನ ಅವಸರವನ್ನು.

ಅಮೆರಿಕದಲ್ಲಿ ಇದು ಯುದ್ಧದ ರೂಪ ತಾಳಿತು. ೧೯೭೭ರಲ್ಲಿ ಅಮೆರಿಕನ್ ಏರ್‌ಲೈನ್ಸ್ ‘ಸೂಪರ್ ಸೇವರ್’ ಎಂಬ ಮುಂಗಡ ದರವನ್ನು ತಂದಿತು. ಮರು ವರ್ಷ ಅಲ್ಲಿಯ ಸರ್ಕಾರ ದರದ ಹಿಡಿತವನ್ನು ಕಾನೂನು ಮಾಡಿ ಸಡಿಲಿಸಿತು. ೧೯೮೧ರಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಎಂಬ ಹೊಸ ಕಂಪನಿ ತೀರ ಅಗ್ಗದ ದರದಲ್ಲಿ ಹಾರಾಟ ತೊಡಗಿ ದೊಡ್ಡವರನ್ನು ನಡುಗಿಸಿತು. ಅಮೆರಿಕನ್ ಏರ್‌ಲೈನ್ಸಿನ ರಾಬರ್ಟ್ ಕ್ರಾಂಡಲ್ ಅವರು ೧೯೮೫ರ ಜನವರಿಯಲ್ಲಿ ಹೂಡಿದ ಉಪಾಯ ಚತುರವಾದದ್ದು: ಮೊದಲೇ ಕೊಳ್ಳುವವರಿಗೆ ಪೀಪಲ್ ಎಕ್ಸ್‌ಪ್ರೆಸ್ಸಿನಷ್ಟೇ ಅಗ್ಗ, ಕಡೆಗೆ ಬರುವವರಿಗೆ ಹಳೆಯ ಪೂರ್ತಿ ಬೆಲೆ. ಯಾವ ವಿಮಾನದಲ್ಲಿ ಎಷ್ಟು ಆಸನ ಅಗ್ಗಕ್ಕೆ ಎಂಬುದನ್ನು ಗಣಕಯಂತ್ರ ಹೇಳುತ್ತಿತ್ತು. ಎಲ್ಲರಿಗೂ ಅಗ್ಗವೆಂದು ಹೊರಟಿದ್ದ ಪೀಪಲ್ ಎಕ್ಸ್‌ಪ್ರೆಸ್ ೧೯೮೭ರ ಆರಂಭದಲ್ಲಿ ಇನ್ನೊಂದು ಕಂಪನಿಯೊಳಗೆ ಕರಗಿ ಹೆಸರಿಲ್ಲದಾಯಿತು.

ನಮ್ಮಲ್ಲಿ ಮುಂಗಡಕ್ಕೆ ಸೋಡಿ ಎಂಬ ಪದ್ಧತಿ ಬಂದದ್ದು ತಡವಾಗಿ. ೨೦೦೨ರ ಸುಮಾರಿಗೆ ಇಂಡಿಯನ್ ಏರ್‌ಲೈನ್ಸ್ ‘ಅಪೆಕ್ಸ್’ ಎಂಬ ದರ ಹೊರಡಿಸಿತು. ಆದರೆ ನಮ್ಮ ಸೀಮೆಯ ಮಟ್ಟಿಗೆ ನಿಜವಾದ ಕಥೆ ಶುರುವಾಗುವುದು ೨೦೦೩ರಲ್ಲಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್, ಸೈನ್ಯ ಬಿಟ್ಟು ಬೇಸಾಯ ಮಾಡಿದವರು, ಆ ವರ್ಷ ಏರ್ ಡೆಕ್ಕನ್ ಆರಂಭಿಸಿದರು. ಮೊದಮೊದಲು ಅದರ ವಿಮಾನ ಇಳಿದ ಸಣ್ಣ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ರೆಕ್ಕೆಯ ಮೇಲೆ ಪಂಕಗಳಿದ್ದ, ೪೮ ಆಸನಗಳ ಎಟಿಆರ್ ವಿಮಾನ. ಊಟವಿಲ್ಲ, ಕಾಗದದ ತಿಕೀಟಿಲ್ಲ; ಅಂತರ್ಜಾಲದಲ್ಲಿ ಕೊಳ್ಳಿರಿ, ಇಲ್ಲವೆ ಪೆಟ್ರೋಲ್ ಬಂಕಿನಲ್ಲಿ ಕೊಳ್ಳಿರಿ ಎಂಬ ಏರ್ಪಾಟು. ಕೆಲವು ಆಸನಗಳಿಗೆ ಒಂದು ರೂಪಾಯಿ ದರವೆಂದು ಮುಂದೆ ಸಾರಿದಾಗ ಜನ ಮೊದಲು ನಕ್ಕರು, ಆಮೇಲೆ ಮುಗಿಬಿದ್ದರು. ಆ ಒಂದು ರೂಪಾಯಿಯ ಮೇಲೆ ತೆರಿಗೆ ಮತ್ತು ಇತರ ಶುಲ್ಕಗಳು ಬೇರೆ ಇದ್ದವೆನ್ನಿ. ಆದರೂ ತಿಂಗಳುಗಟ್ಟಲೆ ಮೊದಲೇ ಮನಸ್ಸು ಮಾಡಿದವನಿಗೆ ವಿಮಾನ ರೈಲಿಗಿಂತ ಅಗ್ಗವಾಗಬಹುದೆಂಬ ಮಾತು ಕನ್ನಡನಾಡಿನ ಪೇಟೆಗಳಲ್ಲಿ ಹರಡಿದ್ದು ಆಗ.

ಅದು ಉಳಿಯಲಿಲ್ಲ. ನಷ್ಟದಲ್ಲಿದ್ದ ಏರ್ ಡೆಕ್ಕನ್ ೨೦೦೭ರಲ್ಲಿ ಕಿಂಗ್‌ಫಿಶರ್ ಕಡೆಯವರ ಹಿಡಿತಕ್ಕೆ ಹೋಗಿ ೨೦೦೮ರಲ್ಲಿ ಅದರೊಳಗೆ ಬೆರೆಯಿತು. ೨೦೧೨ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ವಿಮಾನಗಳೇ ನೆಲ ಹಿಡಿದವು. ಹುಬ್ಬಳ್ಳಿಗೆ ಹೊಸ ನಿಲ್ದಾಣದ ಕಟ್ಟಡ ೨೦೧೭ರ ಡಿಸೆಂಬರಿನಲ್ಲಿ ಬಂದಿತು. ೨೦೧೮ರಲ್ಲಿ ಇಂಡಿಗೋ, ೨೦೧೯ರ ಜನವರಿಯಲ್ಲಿ ಸ್ಟಾರ್ ಏರ್ ಬಂದವು.

ಇಲ್ಲಿ ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯನ್ನು ಹೇಳದಿದ್ದರೆ ಕಥೆ ಅರೆಯಾಗುತ್ತದೆ. ೨೦೧೬ರಲ್ಲಿ ಪ್ರಕಟವಾಗಿ ೨೦೧೭ರ ಏಪ್ರಿಲಿನಲ್ಲಿ ಮೊದಲ ಹಾರಾಟ ಕಂಡ ಈ ಯೋಜನೆಯಂತೆ, ಸಣ್ಣ ಊರುಗಳ ಗೊತ್ತಾದ ಮಾರ್ಗಗಳಲ್ಲಿ ವಿಮಾನದ ಅರ್ಧದಷ್ಟು ಆಸನಗಳಿಗೆ ಸರ್ಕಾರ ಮೇಲ್ಮಿತಿ ಹಾಕಿತು. ಒಂದು ಗಂಟೆಯ ಹಾರಾಟಕ್ಕೆ ಮೊದಲು ನಿಗದಿಯಾದದ್ದು ೨,೫೦೦ ರೂಪಾಯಿ. ಉಳಿದರ್ಧ ಆಸನಗಳ ದರ ಪೇಟೆಯ ಪಾಲಿಗೆ. ಸಂಸ್ಥೆಯ ನಷ್ಟವನ್ನು ಸರ್ಕಾರ ಒಂದು ಮಾರ್ಗಕ್ಕೆ ಮೂರು ವರ್ಷ ತುಂಬಿಕೊಡುತ್ತದೆ. ಇಂಥ ಮಾರ್ಗದಲ್ಲಿ ‘ಯಾವಾಗ’ ಎಂಬುದರ ಅರ್ಥವೇ ಬೇರೆ: ಅಗ್ಗದ ಅರ್ಧ ಮುಗಿಯುವುದರೊಳಗೆ. ಮೂರು ವರ್ಷ ಕಳೆದ ಮೇಲೆ ವಿಮಾನ ಉಳಿದರೆ ಅದು ಪೂರ್ತಿ ಪೇಟೆಯ ದರದಲ್ಲಿ ಹಾರುತ್ತದೆ. ನಿಂತೇ ಹೋದ ಮಾರ್ಗಗಳೂ ದೇಶದಲ್ಲಿ ಬಹಳವಿವೆ.

ಈಗ ನಿಮ್ಮ ಕೈಯ ತಿಕೀಟಿಗೆ ಬರೋಣ. ಒಂದೇ ವಿಮಾನದ ಒಂದೇ ಬಗೆಯ ಆಸನಗಳನ್ನು ಸಂಸ್ಥೆ ಕಾಣದ ಬುಟ್ಟಿಗಳಲ್ಲಿ ಹಂಚಿಟ್ಟಿರುತ್ತದೆ. ಕೆಳಗಿನ ಬುಟ್ಟಿ ಬರಿದಾದಂತೆ ಮೇಲಿನ ಬುಟ್ಟಿ ತೆರೆಯುತ್ತದೆ. ಬೇಡಿಕೆ ಕಡಿಮೆಯೆಂದು ಕಂಡರೆ ಮುಚ್ಚಿದ ಬುಟ್ಟಿಯನ್ನು ಮತ್ತೆ ತೆರೆಯುವುದೂ ಉಂಟು. ನಿನ್ನೆ ಏರಿದ ದರ ಇಂದು ಇಳಿದದ್ದು ಕಂಡು ನಿಮಗೆ ಸೋಜಿಗವಾಗಿದ್ದರೆ ಕಾರಣ ಇದು. ಮನೆಯವರೆಲ್ಲ ಕೂಡಿ ಹೊರಡುವಾಗ ಇಲ್ಲೊಂದು ಸೂಕ್ಷ್ಮವಿದೆ. ಅಗ್ಗದ ಬುಟ್ಟಿಯಲ್ಲಿ ಮೂರೇ ಆಸನ ಉಳಿದಿರುವಾಗ ನೀವು ನಾಲ್ಕು ಬೇಕೆಂದು ಕೇಳಿದರೆ, ಬಹಳ ಕಡೆ ನಾಲ್ಕನ್ನೂ ಮೇಲಿನ ಬುಟ್ಟಿಯ ದರದಲ್ಲಿ ತೋರಿಸುತ್ತದೆ. ಮೊದಲು ಒಬ್ಬರಿಗೆಂದು ಕೇಳಿ ನೋಡಿ. ದರ ಬೇರೆಯಾಗಿದ್ದರೆ ಎರಡು ಭಾಗವಾಗಿ ಕೊಳ್ಳಿ.

ಮಂಗಳವಾರ ನಡುರಾತ್ರಿ ಕೊಂಡರೆ ಅಗ್ಗ ಎಂಬುದೊಂದು ಮಾತು ಊರೂರು ಸುತ್ತುತ್ತಿದೆ. ಹಿಂದೆ ಅಮೆರಿಕದ ಸಂಸ್ಥೆಗಳು ವಾರಕ್ಕೊಮ್ಮೆ ದರಪಟ್ಟಿ ತಿದ್ದುತ್ತಿದ್ದ ಕಾಲದ ಪಳೆಯುಳಿಕೆ ಅದು ಎನ್ನಬಹುದು. ಗೂಗಲ್ ಸಂಸ್ಥೆ ೨೦೨೨ರಲ್ಲಿ ಅಮೆರಿಕದ ದರಗಳನ್ನು ಒರೆಗೆ ಹಚ್ಚಿ ನೋಡಿದಾಗ, ಕೊಳ್ಳುವ ವಾರದಿಂದ ಆಗುವ ವ್ಯತ್ಯಾಸ ತೀರ ಅಲ್ಪವೆಂದು ಕಂಡಿತು; ಹಾರುವ ವಾರದ ವ್ಯತ್ಯಾಸ ಮಾತ್ರ ದೊಡ್ಡದು. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೊರಟವರಿಗೆ ಲಾಭ. ಅದೇ ಎಣಿಕೆಯಲ್ಲಿ ಅಲ್ಲಿಯ ಒಳನಾಡಿನ ಹಾರಾಟಕ್ಕೆ ದರ ಕಡಿಮೆಯಿದ್ದ ಅವಧಿ ಹೊರಡುವುದಕ್ಕೆ ೨೧ರಿಂದ ೬೦ ದಿನಗಳ ಮೊದಲು. ಐವತ್ತು ವರ್ಷಗಳ ಹಿಂದೆ ಬಿ.ಓ.ಎ.ಸಿ. ಗೆರೆ ಎಳೆದದ್ದೂ ೨೧ ದಿನಕ್ಕೇ ಎಂಬುದನ್ನು ನೆನೆದರೆ ಸ್ವಾರಸ್ಯವೆನಿಸುತ್ತದೆ.

ಆ ಲೆಕ್ಕ ಅಮೆರಿಕದ್ದು. ಹುಬ್ಬಳ್ಳಿಗೆ ಹಾಗೆಯೇ ಒಗ್ಗಿಸಲಾಗದು. ಅಲ್ಲಿ ಒಂದು ಮಾರ್ಗಕ್ಕೆ ದಿನಕ್ಕೆ ಹತ್ತಾರು ವಿಮಾನ. ನಮ್ಮಲ್ಲಿ ಹಲವು ಮಾರ್ಗಗಳಿಗೆ ಒಂದೇ ಸಂಸ್ಥೆ, ಒಂದೆರಡೇ ಹಾರಾಟ. ಪೈಪೋಟಿಯಿಲ್ಲದಲ್ಲಿ ಬೆಲೆ ಇಳಿಯುವುದೆಂದು ಕಾಯುವುದು ಬಸ್ಸೊಂದೇ ಇರುವ ಹಳ್ಳಿಯಲ್ಲಿ ಎರಡನೆಯ ಬಸ್ಸಿಗೆ ಕಾದಂತೆ. ನನ್ನ ಎಣಿಕೆ ಇಷ್ಟು: ಸಾಧಾರಣ ದಿನಗಳಲ್ಲಿ ಮೂರರಿಂದ ಎಂಟು ವಾರ ಮೊದಲು ನೋಡತೊಡಗಿ, ಒಪ್ಪುವ ದರ ಕಂಡೊಡನೆ ಕೊಂಡುಬಿಡುವುದು ಲೇಸು. ದೀಪಾವಳಿ, ಗಣೇಶ ಚೌತಿ, ಬೇಸಿಗೆ ರಜೆ, ಗೋವೆಯಲ್ಲಾದರೆ ಡಿಸೆಂಬರಿನ ಕಡೆಯ ವಾರ ಇವುಗಳಿಗೆ ಈ ಲೆಕ್ಕ ಬೇಡ, ದಿನ ನಿಶ್ಚಯವಾದೊಡನೆ ಕೊಳ್ಳಿ. ಮುಂಡಗೋಡದಲ್ಲಿ ದೊಡ್ಡ ಸಮಾರಂಭಗಳಿದ್ದಾಗ, ೨೦೧೯ರ ಡಿಸೆಂಬರಿನಲ್ಲಿ ದಲಾಯಿ ಲಾಮಾ ಅವರು ಬಂದಿದ್ದರಲ್ಲ, ಅಂಥ ಸಂದರ್ಭಗಳಲ್ಲಿ ಹುಬ್ಬಳ್ಳಿಯ ತಿಕೀಟನ್ನು ಮೊದಲು ನೆನೆಯುವವರು ಮಠದವರು. ಗಣಕಯಂತ್ರಕ್ಕೆ ಪಂಚಾಂಗ ತಿಳಿಯದಿದ್ದರೂ ಬುಟ್ಟಿ ಬೇಗ ಬರಿದಾಗುವುದು ತಿಳಿಯುತ್ತದೆ. ಜೋಯಿಡಾದವರು ಗೋವೆಯ ಎರಡೂ ನಿಲ್ದಾಣಗಳ ದರ ನೋಡಲಿ, ದಾಂಡೇಲಿ-ಹಳಿಯಾಳದವರು ಹುಬ್ಬಳ್ಳಿಯ ಜೊತೆಗೆ ಬೆಳಗಾವಿಯನ್ನೂ ನೋಡಲಿ. ಮೋಟಾರಿನ ಬಾಡಿಗೆಯನ್ನು ಕೂಡಿಸಿ ನೋಡುವುದನ್ನು ಮಾತ್ರ ಮರೆಯಬಾರದು. ತಿಕೀಟಿನಲ್ಲಿ ಉಳಿಸಿದ ಸಾವಿರವನ್ನು ಘಟ್ಟದ ದಾರಿಯಲ್ಲಿ ಟ್ಯಾಕ್ಸಿಯವನಿಗೆ ಕೊಟ್ಟು ಬಂದವರನ್ನು ನಾನು ಬಲ್ಲೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಯಾವಾಗ ಕೊಳ್ಳಬೇಕು ಎಂದು ಕೇಳಬಲ್ಲವನು ಪುಣ್ಯವಂತ. ಮದುವೆಗೆ, ಪ್ರವಾಸಕ್ಕೆ, ಪರೀಕ್ಷೆಗೆ ದಿನ ಗೊತ್ತಿರುತ್ತದೆ. ರಾತ್ರಿ ಹನ್ನೊಂದಕ್ಕೆ ಹಳಿಯಾಳದ ಮನೆಯಲ್ಲಿ ಫೋನು ಬಾರಿಸಿ, ದಿಲ್ಲಿಯ ಆಸ್ಪತ್ರೆಯಲ್ಲಿ ಮಗ ಮಲಗಿದ್ದಾನೆ ಎಂದು ತಿಳಿದ ತಾಯಿಗೆ ೨೧ ದಿನಗಳನ್ನು ಯಾರು ಕೊಡುತ್ತಾರೆ? ಲಿಟಲ್‌ವುಡ್ ಅವರ ಲೆಕ್ಕದಲ್ಲಿ ಕಡೆಗಳಿಗೆಯ ಗಿರಾಕಿಯೆಂದರೆ ಕಚೇರಿಯ ಖರ್ಚಿನಲ್ಲಿ ಹೋಗುವ ವ್ಯಾಪಾರಿ. ಆ ಸಾಲಿನಲ್ಲಿಯೇ ಈ ತಾಯಿಯೂ ನಿಂತಿರುತ್ತಾಳೆ. ಯಂತ್ರಕ್ಕೆ ಇಬ್ಬರೂ ಒಂದೇ. ಮೊದಲೇ ಕೊಂಡವರ ಅಗ್ಗದ ಪ್ರವಾಸದ ಭಾರದಲ್ಲಿ ಒಂದು ಪಾಲನ್ನು ಅವಳ ದುಃಖ ಹೊರುತ್ತದೆ.

ಸರ್ಕಾರ ಇದರಲ್ಲಿ ಕೈಯಿಟ್ಟ ಉದಾಹರಣೆಗಳಿವೆ. ಕೊರೋನಾ ಕಾಲದಲ್ಲಿ ನಿಂತಿದ್ದ ಹಾರಾಟ ೨೦೨೦ರ ಮೇ ೨೫ರಂದು ಮತ್ತೆ ತೊಡಗಿದಾಗ ದರಕ್ಕೆ ಕೆಳಗೂ ಮೇಲೂ ಮಿತಿ ಹಾಕಲಾಯಿತು: ೪೦ ನಿಮಿಷಕ್ಕಿಂತ ಕಡಿಮೆಯ ಹಾರಾಟಕ್ಕೆ ೨,೦೦೦ದಿಂದ ೬,೦೦೦ ರೂಪಾಯಿ, ೪೦ರಿಂದ ೬೦ ನಿಮಿಷದ್ದಕ್ಕೆ ೨,೫೦೦ರಿಂದ ೭,೫೦೦. ಅಷ್ಟೇ ಅಲ್ಲ, ನೂರಕ್ಕೆ ೪೦ ಆಸನಗಳನ್ನು ಈ ಎರಡರ ನಡುಬೆಲೆಗಿಂತ ಕಡಿಮೆಗೆ ಮಾರಬೇಕೆಂದೂ ವಿಧಿಸಿತ್ತು. ೨೦೨೨ರ ಆಗಸ್ಟ್ ೩೧ಕ್ಕೆ ಅದು ಕೊನೆಗೊಂಡಿತು. ೨೦೨೫ರ ಡಿಸೆಂಬರಿನಲ್ಲಿ ಇಂಡಿಗೋ ಹಾರಾಟಗಳು ರಾಶಿರಾಶಿಯಾಗಿ ರದ್ದಾಗಿ ಉಳಿದ ವಿಮಾನಗಳ ದರ ಆಕಾಶಕ್ಕೇರಿದಾಗಲೂ ೫೦೦ ಕಿಲೋಮೀಟರಿನ ಒಳಗಿನ ದೂರಕ್ಕೆ ೭,೫೦೦ ರೂಪಾಯಿಯ ಮೇಲ್ಮಿತಿ ಬಂದಿತು. ಬಿಕ್ಕಟ್ಟು ಊರಿಗೆಲ್ಲ ಬಂದಾಗ ಮಿತಿ ಬರುತ್ತದೆ. ಒಂದು ಮನೆಗೆ ಬಂದಾಗ ಬರುವುದಿಲ್ಲ.

ರೈಲಿಗೂ ಈ ಗಾಳಿ ಸೋಕದೆ ಇಲ್ಲ. ೨೦೧೬ರ ಸೆಪ್ಟೆಂಬರಿನಿಂದ ರಾಜಧಾನಿ, ಶತಾಬ್ದಿ, ದುರಂತೋ ಗಾಡಿಗಳಲ್ಲಿ ಆಸನ ತುಂಬಿದಂತೆ ದರ ಏರುವ ಪದ್ಧತಿ ಬಂದಿದೆ. ಆದರೆ ಬೆಳಗಾವಿ, ಹುಬ್ಬಳ್ಳಿಗಳ ಮೇಲೆ ಹಾದು ಬೆಂಗಳೂರಿಗೆ ಹೋಗುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನಂಥ ಗಾಡಿಯಲ್ಲಿ ೬೦ ದಿನ ಮೊದಲು ಕೊಂಡರೂ ನಾಲ್ಕು ದಿನ ಮೊದಲು ಕೊಂಡರೂ ಸಾಧಾರಣ ತಿಕೀಟಿನ ಬೆಲೆ ಒಂದೇ, ಜಾಗ ಸಿಕ್ಕರೆ. ಅವಸರದವನಿಗೆ ತತ್ಕಾಲದ ಹೆಚ್ಚುವರಿ ಉಂಟು. ಅದೂ ಮೊದಲೇ ಗೊತ್ತಿರುವ ಮೊತ್ತ. ಬೆಂಗಳೂರಿನವರೆಗಾದರೆ ರಾತ್ರಿಯ ಗಾಡಿಯ ದರವನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡುವುದರಿಂದ ನಷ್ಟವಿಲ್ಲ.

ಇನ್ನೊಂದು ಸಣ್ಣ ಮಾತು. ಮುಂಗಡವಾಗಿ ಕೊಂಡ ಅಗ್ಗದ ತಿಕೀಟು ಬಹುಪಾಲು ಹಿಂದಿರುಗಿಸಲಾಗದ ತಿಕೀಟು. ಹೊರಡುವುದು ತಪ್ಪಿದರೆ ಹಣವೆಲ್ಲ ಹೋಯಿತೆಂದು ಬಹಳ ಜನ ಸುಮ್ಮನಾಗುತ್ತಾರೆ. ಮೂಲ ದರ ಹೋದೀತು. ಆದರೆ ಹಾರದವನ ತೆರಿಗೆ, ನಿಲ್ದಾಣದ ಬಳಕೆಯ ಶುಲ್ಕ ಇವನ್ನು ಸಂಸ್ಥೆ ಮರಳಿ ಕೊಡಬೇಕೆಂದು ನಾಗರಿಕ ವಿಮಾನಯಾನದ ನಿಯಮವೇ ಇದೆ. ಅಗ್ಗದ ತಿಕೀಟಿನಲ್ಲಿ ಈ ಪಾಲು ಕೆಲವು ನೂರು ರೂಪಾಯಿಗಳಾದರೂ ಆಗುತ್ತದೆ. ತಿಕೀಟಿನ ಕೆಳಗೆ ದರದ ವಿವರವನ್ನು ಬಿಡಿಬಿಡಿಯಾಗಿ ಬರೆದಿರುತ್ತದೆ. ಕೂಡಿಸಿ ನೋಡಿಕೊಂಡು ಕೇಳಿ ಪಡೆಯಿರಿ.